ಕೌಂಟರ್-ಸ್ಟ್ರೈಕ್ ಮೇಜರ್: ಒಂದು ಟೂರ್ನಿ ರೂಪುಗೊಳ್ಳುವುದು ಹೀಗೆ

ಐದೈದು ಜನರ ಎರಡು ತಂಡಗಳು. ಒಂದು ತಂಡ ಬಾಂಬ್ ಇಡಬೇಕು, ಇನ್ನೊಂದು ತಡೆಯಬೇಕು. ಒಂದು ಸುತ್ತಿಗೆ ಎರಡು ನಿಮಿಷವೂ ಇಲ್ಲ; ಬಾಂಬ್ ಇಟ್ಟ ಮೇಲೆ ಅದು ಸಿಡಿಯಲು 40 ಸೆಕೆಂಡು. ಸಾಮಾನ್ಯವಾಗಿ ಮೊದಲು 13 ಸುತ್ತು ಗೆದ್ದವರಿಗೆ ಆ ಮ್ಯಾಪ್, ಅಂದರೆ ಆಟ ನಡೆಯುವ ಡಿಜಿಟಲ್ ಅಂಗಣ. ‘ಕೌಂಟರ್-ಸ್ಟ್ರೈಕ್ 2’ ಆಟ ಅರ್ಥವಾಗಲು ಇಷ್ಟು ಸಾಕು.

ಈ ಆಟದ ಅತಿ ದೊಡ್ಡ ಸ್ಪರ್ಧೆಗೆ ಮೇಜರ್ ಎಂದು ಹೆಸರು. 2013ರಲ್ಲಿ ಸ್ವೀಡನ್‌ನಲ್ಲಿ ಮೊದಲ ಮೇಜರ್ ನಡೆದಾಗ ಒಟ್ಟು ಬಹುಮಾನ 2.5 ಲಕ್ಷ ಡಾಲರ್ ಇತ್ತು. 2025ರ ಜೂನ್‌ನಲ್ಲಿ ಅಮೆರಿಕದ ಆಸ್ಟಿನ್‌ನಲ್ಲಿ ನಡೆದ ಮೇಜರ್‌ನಲ್ಲಿ 32 ತಂಡಗಳು 12.5 ಲಕ್ಷ ಡಾಲರ್‌ಗಾಗಿ ಸೆಣಸಿದವು. ಆಸ್ಟಿನ್ ಟೂರ್ನಿಯನ್ನೇ ಮುಂದಿಟ್ಟುಕೊಂಡು ಹಂತ ಹಂತವಾಗಿ ನೋಡೋಣ. ಕ್ರಿಕೆಟ್‌ನಲ್ಲಿ ಚೆಂಡು ಎಲ್ಲರ ಕಣ್ಣಿಗೂ ಬೀಳುತ್ತದೆ, ಇಲ್ಲಿ ಎಲ್ಲವೂ ಕಂಪ್ಯೂಟರಿನೊಳಗೆ ನಡೆಯುತ್ತದೆ. ಸೋತವನಿಗೂ ‘ಮೋಸವಾಗಿಲ್ಲ’ ಎಂಬ ನಂಬಿಕೆ ಬರುವಂತೆ ಮಾಡುವುದೇ ಸಂಘಟಕರ ನಿಜವಾದ ಕೆಲಸ. ದೀಪ, ಹೊಗೆ, ಭರ್ಜರಿ ವೇದಿಕೆ ಎಲ್ಲ ಆಮೇಲಿನವು.

ಮೊದಲು ಪರವಾನಗಿ

ಫುಟ್‌ಬಾಲ್ ಆಟಕ್ಕೆ ಮಾಲೀಕರಿಲ್ಲ, ವಿಡಿಯೊ ಗೇಮ್‌ಗೆ ಇರುತ್ತಾರೆ. ಕೌಂಟರ್-ಸ್ಟ್ರೈಕ್ ಅಮೆರಿಕದ ವಾಲ್ವ್ ಕಂಪನಿಯದು. ಕಂಪನಿ ತಾನೇ ಮೇಜರ್ ನಡೆಸುವುದಿಲ್ಲ, ಬೇರೆ ಸಂಘಟಕರಿಗೆ ವಹಿಸುತ್ತದೆ. ಆಸ್ಟಿನ್‌ನಲ್ಲಿ ಆ ಹೊಣೆ ಹೊತ್ತದ್ದು ಡೆನ್ಮಾರ್ಕ್‌ನ ಬ್ಲಾಸ್ಟ್ ಸಂಸ್ಥೆ. 2025ರಿಂದ ವಾಲ್ವ್ ಕಟ್ಟುಪಾಡನ್ನು ಬಿಗಿ ಮಾಡಿದೆ. ಸಂಘಟಕರಿಗೂ ಆಡುವ ತಂಡಗಳಿಗೂ ವ್ಯಾಪಾರ ಸಂಬಂಧ ಇರಕೂಡದು, ಆಹ್ವಾನ ಶ್ರೇಯಾಂಕದ ಪ್ರಕಾರವೇ ಹೋಗಬೇಕು. ಇದೇ ಬಗೆಯ ಇನ್ನೊಂದು ಆಟ ‘ವ್ಯಾಲೊರಂಟ್’ ಬೇರೆ ದಾರಿ ಹಿಡಿದಿದೆ. ಅಲ್ಲಿ ರಾಯಟ್ ಗೇಮ್ಸ್ ಕಂಪನಿಯೇ ಲೀಗ್‌ಗಳನ್ನು ನಡೆಸುತ್ತದೆ, ಪಾಲುದಾರ ತಂಡಗಳನ್ನೂ ತಾನೇ ಆರಿಸುತ್ತದೆ. ಭಾರತದ ಗ್ಲೋಬಲ್ ಇಸ್ಪೋರ್ಟ್ಸ್ ತಂಡ 2023ರಲ್ಲಿ ಪೆಸಿಫಿಕ್ ಲೀಗ್ ಸೇರಿದ್ದು ಹಾಗೆ. ಎರಡರಲ್ಲಿ ನನ್ನ ಒಲವು ಮೊದಲನೆಯದರ ಕಡೆಗೇ. ಹೆಸರಿಲ್ಲದ ತಂಡವೂ ಗೆಲ್ಲುತ್ತಾ ಮೇಲೇರಬಹುದಾದ ಬಾಗಿಲು ಅಲ್ಲಿ ತೆರೆದೇ ಇರುತ್ತದೆ.

ತಂಡಗಳ ಆಯ್ಕೆ

ವಾಲ್ವ್‌ನ ಶ್ರೇಯಾಂಕ ಪಟ್ಟಿಯಲ್ಲಿ ಯುರೋಪ್, ಉತ್ತರ–ದಕ್ಷಿಣ ಅಮೆರಿಕ ಖಂಡಗಳು, ಏಷ್ಯಾ ಎಂಬ ವಿಭಾಗಗಳಿವೆ. ತಂಡ ಗೆದ್ದ ಬಹುಮಾನದ ಹಣ, ಸೋಲಿಸಿದ ಎದುರಾಳಿಗಳ ಬಲ, ಪರಸ್ಪರ ಪಂದ್ಯಗಳ ಫಲಿತಾಂಶ ಇವೆಲ್ಲ ಲೆಕ್ಕಕ್ಕೆ ಬರುತ್ತವೆ. ಲೆಕ್ಕ ಹಾಕುವ ಪ್ರೋಗ್ರಾಮನ್ನೇ ಕಂಪನಿ ಬಹಿರಂಗವಾಗಿ ಇಟ್ಟಿದೆ, ಯಾರು ಬೇಕಾದರೂ ಪರೀಕ್ಷಿಸಬಹುದು.

ಆಸ್ಟಿನ್‌ನಲ್ಲಿ ಮೂರು ಹಂತಗಳಿದ್ದವು. ಮೊದಲ ಹಂತದಲ್ಲಿ 16 ತಂಡಗಳು ಆಡಿ ಎಂಟು ಉಳಿದವು. ಎರಡನೆಯ ಹಂತದಲ್ಲಿ ಅವರಿಗೆ ಮೇಲಿನ ಶ್ರೇಯಾಂಕದ ಎಂಟು ತಂಡಗಳು ಜೊತೆಯಾದವು, ಮೂರನೆಯದರಲ್ಲಿ ಮತ್ತೆ ಎಂಟು. ಕೊನೆಗೆ ಉಳಿದ ಎಂಟು ತಂಡಗಳಿಗೆ ಮೂಡಿ ಸೆಂಟರ್ ಕ್ರೀಡಾಂಗಣದಲ್ಲಿ ಪ್ರೇಕ್ಷಕರ ಎದುರು ನಾಕೌಟ್.

ಸ್ವಿಸ್ ಪದ್ಧತಿ

ಇಡೀ ವ್ಯವಸ್ಥೆಯಲ್ಲಿ ನನಗೆ ಅತ್ಯಂತ ಇಷ್ಟವಾದ ಭಾಗ ಇದು. 16 ತಂಡಗಳಲ್ಲಿ ಪ್ರತಿಯೊಬ್ಬರೂ ಪ್ರತಿಯೊಬ್ಬರ ವಿರುದ್ಧ ಆಡಿದರೆ 120 ಪಂದ್ಯಗಳಾಗುತ್ತವೆ, ಅಷ್ಟು ಸಮಯ ಯಾರ ಬಳಿಯೂ ಇಲ್ಲ. ನೇರ ನಾಕೌಟ್ ಇಟ್ಟರೆ ಒಂದು ಕೆಟ್ಟ ದಿನಕ್ಕೆ ಒಳ್ಳೆಯ ತಂಡ ಮನೆ ಸೇರುತ್ತದೆ. ಹಾಗಾಗಿ ಚೆಸ್ ಟೂರ್ನಿಗಳಿಂದ ಸ್ವಿಸ್ ಪದ್ಧತಿಯನ್ನು ತಂದುಕೊಂಡಿದ್ದಾರೆ. ಮೂರು ಗೆದ್ದರೆ ಮುಂದಕ್ಕೆ, ಮೂರು ಸೋತರೆ ಹೊರಕ್ಕೆ. ಟೂರ್ನಿಯ ಪ್ರತಿ ಸುತ್ತಿನಲ್ಲೂ ಸಮಾನ ಗೆಲುವು–ಸೋಲು ಇರುವವರೇ ಎದುರಾಗುತ್ತಾರೆ.

ಕಾಗದದ ಮೇಲೆ ಬಿಡಿಸಿ ನೋಡಿ. ಮೊದಲ ಮೂರು ಸುತ್ತುಗಳಲ್ಲಿ ಎಂಟೆಂಟು ಪಂದ್ಯ, ನಾಲ್ಕನೆಯದರಲ್ಲಿ ಆರು, ಐದನೆಯದರಲ್ಲಿ ಮೂರು, ಒಟ್ಟು 33. ಸರಿಯಾಗಿ ಎಂಟು ತಂಡ ಮೇಲೆ, ಎಂಟು ಹೊರಗೆ. ಆಸ್ಟಿನ್‌ನಲ್ಲಿ ತಂಡದ ಮುನ್ನಡೆ ಅಥವಾ ನಿರ್ಗಮನ ನಿರ್ಧಾರವಾಗುವ 13 ಪಂದ್ಯಗಳು ಮಾತ್ರ ಮೂರು ಮ್ಯಾಪ್‌ಗಳವಾಗಿದ್ದವು, ಉಳಿದ 20 ಒಂದೊಂದು ಮ್ಯಾಪ್‌ನವು. ಸಮಬಲದವರಲ್ಲಿ ಯಾರಿಗೆ ಯಾರು ಎದುರಾಳಿ ಎಂಬುದನ್ನು ನಿರ್ಧರಿಸಲು ಬುಕ್‌ಹೋಲ್ಟ್ಸ್ ಎಂಬ ಅಂಕ ಬಳಸುತ್ತಾರೆ. ನೀವು ಆಡಿದ ಎದುರಾಳಿಗಳೆಲ್ಲರ ಗೆಲುವಿನಿಂದ ಸೋಲನ್ನು ಕಳೆದು ಕೂಡಿಸಿದ ಮೊತ್ತವೇ ಆ ಅಂಕ. ಕಠಿಣ ಎದುರಾಳಿಗಳನ್ನು ಎದುರಿಸಿದವರ ಶ್ರಮ ಹೀಗೆ ಲೆಕ್ಕಕ್ಕೆ ಸೇರುತ್ತದೆ.

ಮ್ಯಾಪ್ ಆಯ್ಕೆ

ಚಾಲ್ತಿಯಲ್ಲಿರುವ ಮ್ಯಾಪ್‌ಗಳು ಏಳು. ಮಿರಾಜ್, ಇನ್ಫರ್ನೊ, ನ್ಯೂಕ್‌ನಂಥ ಹೆಸರುಗಳು ಆಡುವವರಿಗೆ ತಮ್ಮ ಓಣಿಯಷ್ಟೇ ಪರಿಚಿತ. ಮೂರು ಮ್ಯಾಪ್‌ಗಳ ಪಂದ್ಯವಾದರೆ ಮೊದಲು ಎರಡೂ ತಂಡಗಳು ಒಂದೊಂದನ್ನು ತೆಗೆದುಹಾಕುತ್ತವೆ, ಬಳಿಕ ಒಂದೊಂದನ್ನು ಆರಿಸುತ್ತವೆ, ಮತ್ತೆ ಒಂದೊಂದನ್ನು ತೆಗೆಯುತ್ತವೆ. ಉಳಿದದ್ದು ನಿರ್ಣಾಯಕ ಮ್ಯಾಪ್. ಒಬ್ಬರು ಮ್ಯಾಪ್ ಆರಿಸಿದರೆ, ಅಲ್ಲಿ ಮೊದಲು ದಾಳಿಯೋ ರಕ್ಷಣೆಯೋ ಎಂಬುದನ್ನು ಇನ್ನೊಬ್ಬರು ಆರಿಸುತ್ತಾರೆ.

ಯಂತ್ರಗಳ ಕಾವಲು

2018ರಲ್ಲಿ ಶಾಂಘೈನಲ್ಲಿ ನಡೆದ ಏಷ್ಯಾ ಮಟ್ಟದ ಟೂರ್ನಿಯೊಂದರಲ್ಲಿ ಭಾರತದಿಂದ ಹೋಗಿದ್ದ ಆಪ್ಟಿಕ್ ಇಂಡಿಯಾ ತಂಡ ಆಡುತ್ತಿತ್ತು. ಆಟಗಾರನೊಬ್ಬನ ಕಂಪ್ಯೂಟರಿನಲ್ಲಿ ಅಧಿಕಾರಿಗಳಿಗೆ ಸಂಶಯದ ಪ್ರೋಗ್ರಾಮ್ ಸಿಕ್ಕಿತು. ಫೈಲಿನ ಹೆಸರು ‘ವರ್ಡ್.ಇಎಕ್ಸ್‌ಇ’, ಕಚೇರಿಯ ಸಾಫ್ಟ್‌ವೇರ್ ಎಂದು ಕಣ್ತಪ್ಪಿಸುವ ಹೆಸರು. ಅದು ಗುರಿ ಹಿಡಿಯಲು ನೆರವಾಗುವ ಚೀಟ್. ತಂಡ ಅನರ್ಹಗೊಂಡಿತು, ಆಟಗಾರನಿಗೆ ಐದು ವರ್ಷಗಳ ನಿಷೇಧ ಬಿತ್ತು, ತಂಡವೇ ವಿಸರ್ಜನೆಯಾಯಿತು. ಪ್ರಾಮಾಣಿಕವಾಗಿ ಆಡಿದ ಉಳಿದ ನಾಲ್ವರ ಶ್ರಮ ಒಂದು ಫೈಲಿನಿಂದ ಮಣ್ಣುಪಾಲಾದದ್ದು ಇಂದಿಗೂ ನೋವಿನ ಸಂಗತಿ. 2020ರಲ್ಲಿ ಇನ್ನೊಂದು ಬಗೆಯ ಮೋಸ ಬಯಲಾಯಿತು. ಆಟದಲ್ಲಿದ್ದ ದೋಷವೊಂದನ್ನು ಬಳಸಿ ಕೋಚ್‌ಗಳು ಎದುರಾಳಿಗಳ ಚಲನವಲನ ನೋಡುತ್ತಿದ್ದರು. ಇ-ಸ್ಪೋರ್ಟ್ಸ್‌ನ, ಅಂದರೆ ವಿಡಿಯೊ ಗೇಮ್ ಸ್ಪರ್ಧೆಗಳ, ಪ್ರಾಮಾಣಿಕತೆಯನ್ನು ನೋಡಿಕೊಳ್ಳುವ ಇಸಿಕ್ ಆಯೋಗ 37 ಕೋಚ್‌ಗಳ ಮೇಲೆ ನಿಷೇಧ ಹೇರಿತು.

ಹಾಗಾಗಿ ದೊಡ್ಡ ಟೂರ್ನಿಗಳಲ್ಲಿ ಕಂಪ್ಯೂಟರ್‌ಗಳು ಸಂಘಟಕರವೇ. ಆಟಗಾರ ತರುವುದು ಮೌಸ್, ಕೀಬೋರ್ಡ್‌ನಂಥ ಸಾಮಗ್ರಿ ಮಾತ್ರ, ಅದೂ ತಪಾಸಣೆಯಾದ ಮೇಲೆ. ವೇದಿಕೆಗೆ ಮೊಬೈಲ್ ಒಯ್ಯುವಂತಿಲ್ಲ. ಆಟದ ಸರ್ವರ್ ಕೂಡ ಪಂದ್ಯ ನಡೆಯುವ ಜಾಗದಲ್ಲೇ ಇರುತ್ತದೆ. ಇಂಟರ್‌ನೆಟ್ ನಿಧಾನವಾಗಿ ಸೋತೆ ಎಂಬ ಮಾತಿಗೆ ಅಲ್ಲಿ ಎಡೆಯಿಲ್ಲ.

ಪಂದ್ಯದ ದಿನ

ಪ್ರೇಕ್ಷಕರಿಗೆ ದೊಡ್ಡ ಪರದೆಯಲ್ಲಿ ಎರಡೂ ತಂಡಗಳು ಕಾಣುತ್ತಿರುತ್ತವೆ. ಗೋಡೆಯ ಹಿಂದೆ ಅವಿತವನ ಸಮೀಪಕ್ಕೆ ಎದುರಾಳಿ ಬಂದರೆ ಸಭಾಂಗಣ ಕೂಗಿಕೊಳ್ಳುತ್ತದೆ, ಆ ಕೂಗೇ ಸುಳಿವಾಗಬಹುದು. ಅದಕ್ಕಾಗಿ ಆಟಗಾರರು ಕಿವಿಯೊಳಗೆ ಇಯರ್‌ಫೋನ್, ಅದರ ಮೇಲೆ ಹೊರಗಿನ ಸದ್ದು ತಡೆಯುವ ಹೆಡ್‌ಸೆಟ್ ಧರಿಸುತ್ತಾರೆ.

ಪಂದ್ಯದ ನಡುವೆ ಕಂಪ್ಯೂಟರ್ ಕೈಕೊಟ್ಟರೆ ರೆಫ್ರಿ ಆಟ ನಿಲ್ಲಿಸುತ್ತಾರೆ. ಪ್ರತಿ ಸುತ್ತಿನ ಸ್ಥಿತಿಯನ್ನು ಸರ್ವರ್ ಉಳಿಸಿಕೊಂಡಿರುವುದರಿಂದ, ಆಟದೊಳಗಿನ ಅದೇ ಹಣ, ಅದೇ ಅಂಕಗಳೊಂದಿಗೆ ಸುತ್ತನ್ನು ಮತ್ತೆ ಆರಂಭಿಸಬಹುದು. ಮನೆಯಲ್ಲಿ ನೋಡುವವರಿಗೆ ಯಾವ ಕ್ಷಣದಲ್ಲಿ ಯಾವ ಆಟಗಾರನ ಕಣ್ಣಿನಿಂದ ಆಟ ತೋರಿಸಬೇಕು ಎಂದು ತೀರ್ಮಾನಿಸುವ ಅಬ್ಸರ್ವರ್‌ಗಳು ತೆರೆಮರೆಯಲ್ಲಿರುತ್ತಾರೆ. ಆಟವನ್ನು ಆಟಗಾರರಷ್ಟೇ ಬಲ್ಲವರು ಅವರು, ಅವರ ಹೆಸರು ಮಾತ್ರ ಯಾರ ನೆನಪಿನಲ್ಲೂ ಉಳಿಯುವುದಿಲ್ಲ.

ಹಣ ಬರುವುದು ಪ್ರಾಯೋಜಕರು, ಟಿಕೆಟ್, ಪ್ರಸಾರದಿಂದ. ತಂಡ, ಆಟಗಾರರ ಹೆಸರಿನ ಡಿಜಿಟಲ್ ಸ್ಟಿಕರ್‌ಗಳನ್ನೂ ಆಟದೊಳಗೆ ಮಾರುತ್ತಾರೆ, ಅದರ ಅರ್ಧ ಪಾಲು ಆಟಗಾರರಿಗೆ ಮತ್ತು ತಂಡಗಳಿಗೆ. ಆಸ್ಟಿನ್‌ನ ಫೈನಲ್‌ನಲ್ಲಿ ಫ್ರಾನ್ಸ್‌ನ ವೈಟಾಲಿಟಿ ತಂಡ ಮಂಗೋಲಿಯಾದ ದಿ ಮಂಗೋಲ್ಜ್ ತಂಡವನ್ನು 2–1ರಿಂದ ಸೋಲಿಸಿ 5 ಲಕ್ಷ ಡಾಲರ್ ಗೆದ್ದಿತು.

ಕಾಲೇಜಿನಲ್ಲಿ ನಡೆಸುವವರಿಗೆ

ಭಾರತದಲ್ಲಿ ಇ-ಸ್ಪೋರ್ಟ್ಸ್ 2022ರ ಡಿಸೆಂಬರ್‌ನಿಂದ ಕೇಂದ್ರ ಕ್ರೀಡಾ ಸಚಿವಾಲಯದ ವ್ಯಾಪ್ತಿಯಲ್ಲಿದೆ. 2025ರ ಆನ್‌ಲೈನ್ ಗೇಮಿಂಗ್ ಕಾಯ್ದೆ ಇ-ಸ್ಪೋರ್ಟ್ಸ್ ಬೇರೆ, ಹಣ ಕಟ್ಟಿ ಆಡುವ ಆಟ ಬೇರೆ ಎಂದು ಗೆರೆ ಎಳೆದಿದೆ. ಪ್ರವೇಶ ಶುಲ್ಕ, ಬಹುಮಾನ ಸರಿ, ಬಾಜಿ ಕೂಡದು. ಬೆಂಗಳೂರು, ಮೈಸೂರು, ಮಂಗಳೂರಿನ ಕಾಲೇಜು ಉತ್ಸವದಲ್ಲಿ ಹದಿನಾರು ತಂಡ ಸೇರಿದರೆ ಸ್ವಿಸ್ ಪದ್ಧತಿಯನ್ನು ಧೈರ್ಯವಾಗಿ ಅಳವಡಿಸಿ. ಲ್ಯಾಬಿನ ಕಂಪ್ಯೂಟರ್‌ಗಳನ್ನು ಹಿಂದಿನ ದಿನವೇ ಸಿದ್ಧಪಡಿಸಿ ಬೀಗ ಹಾಕಿ. ಆಡದವನೊಬ್ಬನನ್ನು ರೆಫ್ರಿ ಮಾಡಿ. ವಿರಾಮ ಎಷ್ಟು ಸೆಕೆಂಡು, ವಿದ್ಯುತ್ ಹೋದರೆ ಏನು, ತಡವಾಗಿ ಬಂದ ತಂಡದ ಗತಿ ಏನು, ದೂರು ಯಾರಿಗೆ ಕೊಡಬೇಕು ಎಂಬುದನ್ನೆಲ್ಲ ಒಂದು ಹಾಳೆಯಲ್ಲಿ ಬರೆದು, ಮೊದಲ ಪಂದ್ಯಕ್ಕೆ ಮುಂಚೆ ಪ್ರತಿ ನಾಯಕನ ಸಹಿ ಪಡೆಯಿರಿ.