ತ್ಯಾಜ್ಯದ ಅಂಕಿಗಳನ್ನು ಆರ್ಥಿಕ ಬೆಳವಣಿಗೆಯ ಜೊತೆಗಿಟ್ಟು ಓದುವುದು ಹೇಗೆ

ಆರ್ಥಿಕತೆ ಬೆಳೆದಂತೆ ಕಸವೂ ಅದೇ ವೇಗದಲ್ಲಿ ಬೆಳೆಯುತ್ತಿದೆಯೇ ಎಂದು ತಿಳಿಯಬೇಕಾದವರು ಮೊದಲು ಒಟ್ಟು ಟನ್‌ಗಳ ಲೆಕ್ಕವನ್ನು ಬದಿಗಿಟ್ಟು, ದಿನಕ್ಕೆ ತಲಾ ಎಷ್ಟು ಕಸ ಹೊರಬೀಳುತ್ತದೆ ಎಂಬುದನ್ನು ಕಂಡುಕೊಳ್ಳಬೇಕು. ಜನಸಂಖ್ಯೆಯಿಂದಾದ ಏರಿಕೆ ಆಗ ಲೆಕ್ಕದಿಂದ ಹೊರಗುಳಿಯುತ್ತದೆ. ವಿಶ್ವಬ್ಯಾಂಕಿನ 2018ರ ವರದಿಯಂತೆ 2016ರಲ್ಲಿ ಜಗತ್ತಿನ ತಲಾ ಸರಾಸರಿ ದಿನಕ್ಕೆ 0.74 ಕೆ.ಜಿ. ಇತ್ತು. ಜನಸಂಖ್ಯೆಯಲ್ಲಿ ಶೇ 16ರಷ್ಟಿರುವ ಶ್ರೀಮಂತ ದೇಶಗಳು ಒಟ್ಟು ತ್ಯಾಜ್ಯದ ಶೇ 34ರಷ್ಟನ್ನು ಹೊರಹಾಕುತ್ತಿದ್ದವು.

ಬಳಿಕ ಹಣದುಬ್ಬರದ ಪರಿಣಾಮವನ್ನು ಕಳೆದ ತಲಾ ಒಟ್ಟು ದೇಶೀಯ ಉತ್ಪನ್ನವನ್ನು (ಜಿಡಿಪಿ) ತೆಗೆದುಕೊಂಡು, ಹತ್ತು ವರ್ಷಗಳಿಗೆ ಕಡಿಮೆಯಿಲ್ಲದ ಅವಧಿಯಲ್ಲಿ ತ್ಯಾಜ್ಯದ ಶೇಕಡಾ ಬದಲಾವಣೆಯನ್ನು ಉತ್ಪನ್ನದ ಶೇಕಡಾ ಏರಿಕೆಯಿಂದ ಭಾಗಿಸಬೇಕು. ಉತ್ಪನ್ನ ಶೇ 60ರಷ್ಟು, ತ್ಯಾಜ್ಯ ಶೇ 30ರಷ್ಟು ಏರಿದ್ದರೆ ಉತ್ತರ 0.5. ಉತ್ತರ ಒಂದಕ್ಕಿಂತ ಕಡಿಮೆಯಿದ್ದರೆ ಕಸ ನಿಧಾನವಾಗಿ ಏರುತ್ತಿದೆ ಎಂದಷ್ಟೇ ಅರ್ಥ, ಸೊನ್ನೆಗಿಂತ ಕೆಳಗಿದ್ದರೆ ಮಾತ್ರ ನಿಜವಾಗಿ ಇಳಿದಿದೆ. ಮೊದಲನೆಯದನ್ನೇ ಸಾಧನೆಯೆಂದು ಸಾರುವುದನ್ನು ಒಪ್ಪಲಾಗದು, ಏಕೆಂದರೆ ವಿಲೇವಾರಿ ಜಾಗದ ರಾಶಿ ಆಗಲೂ ಬೆಳೆಯುತ್ತಲೇ ಇರುತ್ತದೆ.

ಇಳಿಕೆ ಕಂಡಾಗಲೂ ಅದರ ಕಾರಣವನ್ನು ಹುಡುಕಬೇಕು. ದಕ್ಷಿಣ ಕೊರಿಯಾದ ಮನೆಗಳಲ್ಲಿ ಉರಿಸುತ್ತಿದ್ದ ಕಲ್ಲಿದ್ದಲು ಬಿಲ್ಲೆಗಳ ಬೂದಿ ಒಂದು ಕಾಲಕ್ಕೆ ಅಲ್ಲಿನ ಕಸದ ದೊಡ್ಡ ಪಾಲಾಗಿತ್ತು. ಆದಾಯ ಹೆಚ್ಚಿ ಮನೆಗಳು ಅನಿಲಕ್ಕೂ ಎಣ್ಣೆಗೂ ಬದಲಾದಾಗ, ಕೊಳ್ಳುವಿಕೆ ಏರುತ್ತಿದ್ದರೂ ಕಸದ ತೂಕ ಕುಸಿಯಿತು. ಇದರ ಬೆನ್ನಿಗೇ, 1995ರ ಜನವರಿಯಿಂದ, ಕಸವನ್ನು ಹಣ ಕೊಟ್ಟು ಕೊಂಡ ನಿಗದಿತ ಚೀಲದಲ್ಲೇ ಹಾಕಬೇಕು, ಬೇರ್ಪಡಿಸಿದ ಮರುಬಳಕೆ ವಸ್ತುಗಳಿಗೆ ಶುಲ್ಕವಿಲ್ಲ ಎಂಬ ನಿಯಮ ಇಡೀ ದೇಶದಲ್ಲಿ ಜಾರಿಗೆ ಬಂತು. 1994ರಲ್ಲಿ ದಿನಕ್ಕೆ ತಲಾ ಸುಮಾರು 1.3 ಕೆ.ಜಿ. ಇದ್ದ ಕಸ ಮುಂದಿನ ಹತ್ತು ವರ್ಷಗಳಲ್ಲಿ 1 ಕೆ.ಜಿ. ಆಸುಪಾಸಿಗೆ ಇಳಿಯಿತು, ಅದೇ ಅವಧಿಯಲ್ಲಿ ಆರ್ಥಿಕತೆ ಬೆಳೆಯಿತು. ಮೊದಲ ಇಳಿಕೆ ಬಹುಮಟ್ಟಿಗೆ ಇಂಧನ ಬದಲಾದುದರ ಫಲ, ಎರಡನೆಯದರಲ್ಲಿ ನೀತಿಯ ಪಾತ್ರ ದೊಡ್ಡದು. ಆದ್ದರಿಂದ ತೂಕದ ಜೊತೆಗೆ ಕಸದಲ್ಲಿ ಏನೇನಿದೆ ಎಂಬ ವಿವರವನ್ನೂ ನೋಡಲೇಬೇಕು.

ನಮ್ಮ ನಗರಗಳ ಅಂಕಿಗಳಲ್ಲಿ ಇನ್ನೊಂದು ತೊಡಕಿದೆ. ಕಸದ ಲಾರಿಗಳನ್ನು ತೂಗುವ ವೇ ಬ್ರಿಡ್ಜ್‌ನಲ್ಲಿ ದಾಖಲಾಗುವುದು ಸಂಗ್ರಹವಾದ ಕಸವೇ ಹೊರತು ಉತ್ಪತ್ತಿಯಾದ ಕಸವಲ್ಲ. ಮನೆಮನೆ ಸಂಗ್ರಹ ಹೊಸ ಬಡಾವಣೆಗಳಿಗೆ ವಿಸ್ತರಿಸಿದ ವರ್ಷ ಅಂಕಿ ಏರುತ್ತದೆ. ಚಿಂದಿ ಆಯುವವರು ಮತ್ತು ಗುಜರಿ ಅಂಗಡಿಯವರ ಕೈಸೇರುವ ಒಣಕಸ ಅಲ್ಲಿ ದಾಖಲಾಗುವುದೇ ಇಲ್ಲ. ಮಳೆಗಾಲದ ತೇವ ತೂಕವನ್ನು ಹೆಚ್ಚಿಸುವುದರಿಂದ ಪ್ರತಿ ವರ್ಷದ ಅದೇ ತಿಂಗಳುಗಳನ್ನು ಹೋಲಿಸಬೇಕು. ಸಂಶಯ ಉಳಿದರೆ ಬೇರೆ ಬೇರೆ ಆದಾಯದ ಬಡಾವಣೆಗಳಿಂದ ಕೆಲವು ಮನೆಗಳನ್ನು ಆರಿಸಿ, ಎಂಟು ದಿನ ಹಸಿಕಸ ಮತ್ತು ಒಣಕಸವನ್ನು ಪ್ರತ್ಯೇಕವಾಗಿ ತೂಗಿ, ಹಿಂದಿನ ದಿನಗಳ ಕಸವೂ ಸೇರಿರಬಹುದಾದ ಮೊದಲ ದಿನದ ತೂಕವನ್ನು ಲೆಕ್ಕದಿಂದ ಬಿಡಬೇಕು.