ಆಫರ್ ಲೆಟರ್‌ನಿಂದ ಮೊದಲ ಸಂಬಳದವರೆಗೆ: ಕೆಲಸ ಕೊಡಿಸುವವರು ನೋಡಿಕೊಳ್ಳಬೇಕಾದ್ದು

ಉದ್ಯೋಗ ಮೇಳ ಮುಗಿದ ಸಂಜೆ ಆಫರ್ ಲೆಟರ್ ಎಣಿಸಿ, ಇಷ್ಟು ಜನಕ್ಕೆ ಕೆಲಸ ಸಿಕ್ಕಿತು ಅಂತ ಬರೆದುಕೊಳ್ಳುವುದು ಸುಲಭ. ನನ್ನ ಲೆಕ್ಕ ಶುರುವಾಗುವುದು ಮೊದಲ ಸಂಬಳ ಖಾತೆಗೆ ಬಿದ್ದ ಮೇಲೆ. ಕೊಪ್ಪಳ, ರಾಯಚೂರು ಕಡೆಯ ಐಟಿಐ, ಪಿಯುಸಿ ಮುಗಿಸಿದವರನ್ನು ಬೆಂಗಳೂರು ಕಡೆಯ ಬಿಡದಿ, ಪೀಣ್ಯ, ನರಸಾಪುರದ ಕಾರ್ಖಾನೆಗಳಿಗೆ ಸೇರಿಸುವಾಗ ಹೆಚ್ಚು ಮಂದಿ ವಾಪಸ್ ಬರುವುದು ಮೊದಲ ತಿಂಗಳಲ್ಲೇ. ಕಾರಣ ಮಾತ್ರ ಇಂಟರ್‌ವ್ಯೂಗೂ ಮುಂಚೆ ಹುಟ್ಟಿರುತ್ತದೆ: ಕಂಪನಿಯನ್ನು ನಾವು ಏನೇನು ಕೇಳಲಿಲ್ಲವೋ ಅಲ್ಲಿ.

"ಇಪ್ಪತ್ತು ಜನ ಫಿಟ್ಟರ್ ಬೇಕು" ಅಂತ ಎಚ್‌ಆರ್ ಫೋನ್ ಮಾಡಿದರೆ ಅದನ್ನು ನಾನು ಹುದ್ದೆ ಅಂತ ಬರೆದುಕೊಳ್ಳುವುದಿಲ್ಲ. ಸಂಬಳ ಕೊಡುವವರು ಯಾರು, ಕಂಪನಿಯೋ ಗುತ್ತಿಗೆದಾರರೋ? ಅಪ್ರೆಂಟಿಸ್ಸೋ, ಟ್ರೇನಿಯೋ? ನಿಂತು ಮಾಡುವ ಕೆಲಸವೇ? ರಾತ್ರಿ ಶಿಫ್ಟ್ ವಾರಕ್ಕೊಮ್ಮೆ ಬದಲಾಗುತ್ತದೆಯೇ? ಹಾಸ್ಟೆಲ್ ಗೇಟಿನಿಂದ ಬಸ್ ಎಷ್ಟು ಗಂಟೆಗೆ? ಅಪ್ರೆಂಟಿಸ್ ಅಂದರೆ ಅಪ್ರೆಂಟಿಸ್‌ಶಿಪ್ ಪೋರ್ಟಲ್‌ನಲ್ಲಿ ಕರಾರು ನೋಂದಣಿಯಾಗಬೇಕು. ಆಗ ಸಿಗುವುದು ಸ್ಟೈಪೆಂಡ್, ಪಿಎಫ್ (ಭವಿಷ್ಯನಿಧಿ) ಇರುವುದಿಲ್ಲ. ಬದಲಿಗೆ ಕೊನೆಯಲ್ಲಿ ಪರೀಕ್ಷೆ ಪಾಸಾದರೆ ರಾಷ್ಟ್ರೀಯ ಅಪ್ರೆಂಟಿಸ್‌ಶಿಪ್ ಪ್ರಮಾಣಪತ್ರ ಸಿಗುತ್ತದೆ, ಮುಂದೆ ಸರ್ಕಾರಿ ಕಾರ್ಖಾನೆಗಳಿಗೆ ಅರ್ಜಿ ಹಾಕುವಾಗ ಅದಕ್ಕೆ ಬೆಲೆಯಿದೆ. ಕರಾರೂ ಇಲ್ಲ, ಪಿಎಫ್ಫೂ ಇಲ್ಲ, ಬರೀ "ಟ್ರೇನಿ" ಅಂದರೆ ಆ ಕಂಪನಿಗೆ ನಾನು ಜನ ಕಳಿಸುವುದಿಲ್ಲ.

ಜಗಳ ಹೆಚ್ಚು ಆಗುವುದು ಸಂಬಳದ ಮೇಲೆ. ಕಂಪನಿ ಹೇಳುವುದು ಸಿಟಿಸಿ, ಅಂದರೆ ಒಬ್ಬ ನೌಕರರಿಗೆ ತಾನು ಮಾಡುವ ಒಟ್ಟು ಖರ್ಚು; ಮನೆಯವರು ಕೇಳಿಸಿಕೊಳ್ಳುವುದು ಕೈಗೆ ಬರುವ ದುಡ್ಡು. ಉದಾಹರಣೆಗೆ ತಿಂಗಳಿಗೆ ಸಿಟಿಸಿ 19,113 ರೂಪಾಯಿ ಅನ್ನಿ. ಅದರಲ್ಲಿ ಮಾಲೀಕರ ಪಾಲಿನ ಪಿಎಫ್ 1,560, ಇಎಸ್‌ಐ (ನೌಕರರ ಆರೋಗ್ಯ ವಿಮೆ) 553 ಕಳೆದರೆ ಗ್ರಾಸ್, ಅಂದರೆ ನೌಕರರ ಕಡಿತಗಳಿಗೆ ಮುಂಚಿನ ಸಂಬಳ, 17,000. ಮೂಲ ವೇತನ ಮತ್ತು ತುಟ್ಟಿಭತ್ಯೆ ಸೇರಿ 13,000 ಇದ್ದರೆ ನೌಕರರ ಪಿಎಫ್ ಶೇ. 12ರಂತೆ 1,560, ಇಎಸ್‌ಐ ಗ್ರಾಸ್ ಮೇಲೆ ಶೇ. 0.75ರಂತೆ 128. ಉಳಿದದ್ದು 15,312. ಕ್ಯಾಂಟೀನಿಗೆ 600, ಬಸ್ಸಿಗೆ 500, ಹಾಸ್ಟೆಲಿಗೆ 1,500 ಹಿಡಿದರೆ ಕೈಗೆ 12,712. ಈ ಲೆಕ್ಕವನ್ನು ಇಂಟರ್‌ವ್ಯೂಗೆ ಮೊದಲೇ ಬೋರ್ಡಿನ ಮೇಲೆ ಬರೆದು ತೋರಿಸಬೇಕು, ಸಾಧ್ಯವಾದರೆ ತಂದೆತಾಯಿಯ ಎದುರೇ. ಅಲ್ಲೇ ಕೆಲವರು ಎದ್ದು ಹೋಗುತ್ತಾರೆ, ಹೋಗಲಿ. ಸೇರಿ ವಾರಕ್ಕೆ ಓಡಿಬಂದರೆ ಕಂಪನಿ ಮುಂದಿನ ಬ್ಯಾಚಿಗೆ ನಮ್ಮ ಫೋನೇ ಎತ್ತುವುದಿಲ್ಲ.

ರಾಜ್ಯ ಸರ್ಕಾರದ ನಿರುದ್ಯೋಗ ಭತ್ಯೆ ಯುವನಿಧಿ ಪಡೆಯುವವರದು ಬೇರೆಯೇ ತೊಡಕು. ಪದವೀಧರರಿಗೆ ತಿಂಗಳಿಗೆ 3,000, ಡಿಪ್ಲೊಮಾದವರಿಗೆ 1,500, ಹೆಚ್ಚೆಂದರೆ ಎರಡು ವರ್ಷ, ಕೆಲಸ ಸಿಕ್ಕರೆ ನಿಲ್ಲುತ್ತದೆ. ಪಿಎಫ್ ದಾಖಲೆಯಿಂದ ಕೆಲಸ ಗೊತ್ತಾಗಿ ಅದು ನಿಂತುಹೋದೀತೆಂದು ಪಿಎಫ್ ಇಲ್ಲದ ಕೆಲಸ ಕೊಡಿಸಿ ಅನ್ನುವವರಿದ್ದಾರೆ. ಇದಕ್ಕೆ ಒಪ್ಪಲೇಬಾರದು. ಅದು ಯೋಜನೆಗೆ ಮೋಸ, ಅವರ ಅನುಭವಕ್ಕೂ ದಾಖಲೆ ಉಳಿಯುವುದಿಲ್ಲ.

ಇನ್ನು ಹೆಸರಿನ ಗೋಳು. ಅಂಕಪಟ್ಟಿಯಲ್ಲಿ "ಮಂಜುನಾಥ ಎಸ್", ಆಧಾರ್‌ನಲ್ಲಿ "ಮಂಜುನಾಥ ಶರಣಪ್ಪ", ಬ್ಯಾಂಕಿನಲ್ಲಿ "ಮಂಜುನಾಥ" ಅಷ್ಟೇ. ನಮಗೆ ಮೂರೂ ಒಬ್ಬರೇ, ಪಿಎಫ್ ತಂತ್ರಾಂಶಕ್ಕೆ ಅಲ್ಲ. ಯುಎಎನ್ (ಪಿಎಫ್ ಖಾತೆಯ ಕಾಯಂ ಸಂಖ್ಯೆ) ಆಧಾರ್ ಹೆಸರಿನಲ್ಲೇ ಹುಟ್ಟುವುದರಿಂದ ಮೊದಲು ಆಧಾರ್ ಹೆಸರನ್ನು ಎಸ್ಸೆಸ್ಸೆಲ್ಸಿ ಅಂಕಪಟ್ಟಿಗೆ ಹೊಂದಿಸಿ, ಆಮೇಲೆ ಬ್ಯಾಂಕು ಸರಿಪಡಿಸಬೇಕು. ಆಧಾರ್‌ನಲ್ಲಿ ಹೆಸರು ಬದಲಿಸಲು ಎರಡು ಸಲ, ಹುಟ್ಟಿದ ದಿನಾಂಕಕ್ಕೆ ಒಂದೇ ಸಲ ಅವಕಾಶ, ಹಾಗಾಗಿ ಅವಸರದಲ್ಲಿ ತಿದ್ದಿಸಬಾರದು. ಆಧಾರ್‌ಗೆ ಜೋಡಿಸಿದ ಮೊಬೈಲ್ ನಂಬರ್ ಚಾಲ್ತಿಯಲ್ಲಿದೆಯೇ ಅಂತಲೂ ನೋಡಿ. ಬಹಳ ಸಲ ಅದು ಅಣ್ಣನದೋ ಮಾವನದೋ ಆಗಿರುತ್ತದೆ, ಒಟಿಪಿ ಅವರ ಹೊಲದಲ್ಲಿ ಬಂದು ಬಿದ್ದಿರುತ್ತದೆ. ಇದನ್ನೆಲ್ಲ ತರಬೇತಿಯ ಮೊದಲ ವಾರವೇ ಶುರು ಮಾಡಿದರೆ ಮಾತ್ರ ಮುಗಿಯುತ್ತದೆ.

ಬಯೋಡೇಟಾ ಒಂದು ಪುಟ ಸಾಕು. ಇಂಟರ್‌ವ್ಯೂ ತಯಾರಿಯಲ್ಲಿ ಇಂಗ್ಲಿಷಿಗಿಂತ ವರ್ನಿಯರ್ (ಸೂಕ್ಷ್ಮ ಅಳತೆಯ ಉಪಕರಣ) ಹಿಡಿದು ಅಳತೆ ಓದುವುದಕ್ಕೆ ಹೆಚ್ಚು ಹೊತ್ತು ಕೊಡುವುದು ಲಾಭ.

ಸೇರುವ ತಾರೀಖನ್ನು ಕಂಪನಿಗಷ್ಟೇ ಬಿಡಬಾರದು. ಹಲವೆಡೆ 20ಕ್ಕೆ ಹಾಜರಿ ಮುಚ್ಚಿ, ಮುಂದಿನ ತಿಂಗಳು 7ಕ್ಕೆ ಸಂಬಳ ಹಾಕುತ್ತಾರೆ. ಜೂನ್ 22ಕ್ಕೆ ಸೇರಿದವರು ದುಡ್ಡು ಕಾಣುವುದು ಆಗಸ್ಟ್ 7ಕ್ಕೆ, ಒಂದೂವರೆ ತಿಂಗಳು ಕೈ ಖಾಲಿ. ಜೂನ್ 12ಕ್ಕೆ ಸೇರಿದರೆ ಜುಲೈ 7ಕ್ಕೆ ಒಂದಿಷ್ಟಾದರೂ ಬರುತ್ತದೆ. ಆದ್ದರಿಂದ 10ರಿಂದ 15ರೊಳಗೆ ಕಳಿಸುತ್ತೇವೆ, ಒಂದು ತಿಂಗಳ ಖರ್ಚು ಕೈಯಲ್ಲಿ ಇಟ್ಟುಕೊಂಡೇ ಹೊರಡಿ ಅನ್ನುತ್ತೇವೆ. ಒಬ್ಬರನ್ನೇ ಕಳಿಸುವುದಿಲ್ಲ, ಒಂದೇ ತಾಲ್ಲೂಕಿನ ನಾಲ್ಕೈದು ಜನ ಒಟ್ಟಿಗೆ ಹೋಗಬೇಕು. ಹುಡುಗಿಯರ ತಂಡವಾದರೆ ಒಬ್ಬ ತಾಯಿ ಜೊತೆಗೆ ಹೋಗಿ ಹಾಸ್ಟೆಲ್ ನೋಡಿ ಬರುತ್ತಾರೆ. ಆ ತಾಯಿ ಊರಿಗೆ ಬಂದು ಹೇಳುವ ಮಾತಿನ ಮುಂದೆ ನಮ್ಮ ಕರಪತ್ರ ಏನೂ ಅಲ್ಲ. ಕೊಪ್ಪಳದವರನ್ನು ಜನವರಿಯ ಗವಿಸಿದ್ಧೇಶ್ವರ ಜಾತ್ರೆಗೆ ಮುಂಚೆ ಕಳಿಸುವುದು ದಂಡ. ತೇರಿಗೆ ಬಂದವರು ತಿರುಗಿ ಹೋಗುವುದು ಕಷ್ಟ.

ಕೆಲಸ ಹುಡುಕುವವರು ಯಾರಿಗೂ ನೋಂದಣಿ ಶುಲ್ಕವಾಗಲಿ ಡಿಪಾಸಿಟ್ಟಾಗಲಿ ಕಟ್ಟಬೇಕಿಲ್ಲ. ಜಿಲ್ಲಾ ಉದ್ಯೋಗ ವಿನಿಮಯ ಕೇಂದ್ರದ ನೋಂದಣಿಗೂ, 2015ರಲ್ಲಿ ಶುರುವಾದ ಕೇಂದ್ರ ಸರ್ಕಾರದ ನ್ಯಾಷನಲ್ ಕೆರಿಯರ್ ಸರ್ವೀಸ್ ಪೋರ್ಟಲ್‌ಗೂ ದುಡ್ಡಿಲ್ಲ. ಆದರೆ ನೋಂದಾಯಿಸಿ ಕೂತರೆ ಕರೆ ಬರುತ್ತದೆಂದು ಕಾಯಬಾರದು. ಉದ್ಯೋಗ ವಿನಿಮಯ ಕೇಂದ್ರಗಳ 1959ರ ಕಾಯ್ದೆ, ಸಂಸ್ಥೆಗಳು ಖಾಲಿ ಹುದ್ದೆಯನ್ನು ಆ ಕೇಂದ್ರಕ್ಕೆ ತಿಳಿಸಬೇಕು ಅಂದಿತ್ತೇ ಹೊರತು, ಅದು ಕಳಿಸಿದವರನ್ನೇ ತೆಗೆದುಕೊಳ್ಳಬೇಕು ಅಂದಿರಲಿಲ್ಲ.

ಸೇರಿದ ಮೂರನೇ ದಿನ ಒಂದು ಫೋನ್, ಹತ್ತನೇ ದಿನ ಇನ್ನೊಂದು. ಮೂರನೇ ದಿನದ ದೂರು ಹೆಚ್ಚಾಗಿ ಊಟದ್ದು (ಜೋಳದ ರೊಟ್ಟಿ ಇಲ್ಲ), ಹತ್ತನೇ ದಿನದ್ದು ಸೂಪರ್‌ವೈಸರ್‌ದು. ಎರಡನೆಯದನ್ನು ಅಂದೇ ಎಚ್‌ಆರ್ ಕಿವಿಗೆ ಹಾಕಬೇಕು. ಸಂಬಳ ಬಂದ ಮೇಲೆ ಪೇ ಸ್ಲಿಪ್ ಫೋಟೊ ತರಿಸಿಕೊಂಡು, ಕಡಿತವಾದ ಪಿಎಫ್ ಪಾಸ್‌ಬುಕ್‌ನಲ್ಲಿ ಜಮೆಯಾಗಿದೆಯೇ ಅಂತ ಮುಂದಿನ ತಿಂಗಳು ತಾಳೆ ನೋಡುತ್ತೇವೆ. ಬಿಟ್ಟು ಬರುವುದೇ ಆದರೆ ಹೇಳಿ ಬರಲಿ, ಕಂಪನಿ ಪಿಎಫ್‌ನಲ್ಲಿ ಬಿಟ್ಟ ದಿನಾಂಕ ನಮೂದಿಸುವವರೆಗೆ ಬೆನ್ನು ಹತ್ತಲಿ. ಆ ಒಂದು ಖಾನೆ ಖಾಲಿ ಉಳಿದರೆ ಮುಂದಿನ ಕೆಲಸಕ್ಕೆ ಸೇರಿದಾಗ ಹಳೆಯ ದುಡ್ಡು ವರ್ಗಾಯಿಸಲು ಒದ್ದಾಡಬೇಕಾಗುತ್ತದೆ.