ಶಕುನದ ಮೂಳೆ: ಎಲ್ಲಿಂದ ತರಬೇಕು, ಹೇಗೆ ಶುಚಿ ಮಾಡಬೇಕು

ಗ್ರೀಸ್‌ನ ಡೆಲ್ಫಿಯ ಮೇಲಿನ ಬೆಟ್ಟದಲ್ಲಿ ಕೊರಿಷಿಯನ್ ಎಂಬ ಗುಹೆಯಿದೆ. 1970ರ ದಶಕದಲ್ಲಿ ಅಲ್ಲಿ ಅಗೆದಾಗ ಒಂದೇ ಬಗೆಯ ಪುಟ್ಟ ಮೂಳೆಗಳು 20,000ಕ್ಕೂ ಹೆಚ್ಚು ಸಿಕ್ಕವು. ಹೆಚ್ಚಿನವು ಕುರಿ, ಮೇಕೆಗಳ ಹಿಂಗಾಲಿನ ಕೀಲಿನೊಳಗೆ ಕೂತಿರುವ ಆಸ್ಟ್ರಾಗಲಸ್ ಮೂಳೆಗಳು. ನಮ್ಮಲ್ಲಿ ಕವಡೆ ಹಾಕಿ ಪ್ರಶ್ನೆ ಕೇಳುವ ಹಾಗೆ ಗ್ರೀಕರು ಇದನ್ನು ಉರುಳಿಸಿ ದೇವರ ಮಾತು ಕೇಳುತ್ತಿದ್ದರು. ಬುರಾ ಎಂಬ ಊರಿನ ಬಳಿ ಹೆರಾಕ್ಲಿಸ್ ದೇವರ ಗುಹೆಯಲ್ಲಿ ಭಕ್ತರು ನಾಲ್ಕು ಮೂಳೆ ಉರುಳಿಸುತ್ತಿದ್ದರೆಂದು 2ನೇ ಶತಮಾನದ ಪ್ರವಾಸಿ ಪೌಸಾನಿಯಸ್ ಬರೆದಿದ್ದಾನೆ. ಈಗಿನ ದಕ್ಷಿಣ ಟರ್ಕಿಯ ಹಳೆಯ ಪಟ್ಟಣಗಳಲ್ಲಿ ಐದು ಮೂಳೆ ಬೀಳಬಹುದಾದ 56 ಬಗೆಗೂ ಒಂದೊಂದು ಉತ್ತರವನ್ನು ಕಲ್ಲಿನಲ್ಲಿ ಕೆತ್ತಿದ್ದಾರೆ.

ಆ ಹಳೆಯ ದೇವತೆಗಳನ್ನು ಇಂದಿಗೂ ಪೂಜಿಸುವ ಪೇಗನ್ನರು ಯುರೋಪ್, ಅಮೆರಿಕಗಳಲ್ಲಿದ್ದಾರೆ. ಅವರಿಗೆ ಈ ಮೂಳೆ ಬರಿಯ ದಾಳವಲ್ಲ, ಬದುಕಿ ಸತ್ತ ಜೀವದ ಒಂದು ಭಾಗ. ಆದ್ದರಿಂದ ಅದರ ಶಕ್ತಿಯ ಮಾತು ಆಮೇಲೆ. ಆ ಪ್ರಾಣಿ ಹೇಗೆ ಸತ್ತಿತು ಎಂಬುದು ಮೊದಲು. ಹಳೆಯದೆಲ್ಲ ಅನುಕರಣೀಯವೂ ಅಲ್ಲ. ಇಂಗ್ಲೆಂಡಿನ ಈಸ್ಟ್ ಆಂಗ್ಲಿಯಾದಲ್ಲಿ ಕುದುರೆ ಪಳಗಿಸುವವರು ನಾಟರ್‌ಜ್ಯಾಕ್ ಕಪ್ಪೆಯನ್ನು ಕೊಂದು ಇರುವೆ ಗೂಡಿನಲ್ಲಿಟ್ಟು, ಉಳಿದ ಮೂಳೆಗಳನ್ನು ಹರಿವ ನೀರಿಗೆ ಬಿಟ್ಟು, ಹರಿವಿಗೆ ಎದುರಾಗಿ ತೇಲಿದ್ದನ್ನು ಮಂತ್ರದ ಮೂಳೆಯೆಂದು ಎತ್ತಿಕೊಳ್ಳುತ್ತಿದ್ದರು. ಮೂಳೆಗಾಗಿಯೇ ಒಂದು ಜೀವ ತೆಗೆಯುವುದು ತಪ್ಪು. ಆ ಕಪ್ಪೆಗೆ ಬ್ರಿಟನ್ನಿನಲ್ಲಿ ಈಗ ಕಾನೂನಿನ ರಕ್ಷಣೆಯೂ ಇದೆ.

ತರುವ ಬಗೆ

ಎಲ್ಲಕ್ಕಿಂತ ಒಳ್ಳೆಯ ಮೂಲ ಮಟನ್ ಅಂಗಡಿ. ಪ್ರಾಣಿಯನ್ನು ಕಡಿದದ್ದು ಊಟಕ್ಕೆ. ನೀವು ಕೇಳದಿದ್ದರೆ ಈ ಮೂಳೆ ಕಸಕ್ಕೆ ಹೋಗುತ್ತಿತ್ತು. ಒಂದು ಕುರಿಯಲ್ಲಿ ಇರುವುದು ಎರಡೇ, ಪ್ರತಿ ಹಿಂಗಾಲಿಗೆ ಒಂದು. ಐದು ಮೂಳೆಗಳ ಒಂದು ಸೆಟ್ಟಿಗೆ ಮೂರು ಕುರಿಗಳ ಹಿಂಗಾಲು ಬೇಕು, ಆಗ ಒಂದು ಮೂಳೆ ಹೆಚ್ಚಿಗೆ ಉಳಿಯುತ್ತದೆ. ಹಿಂಗಾಲಿನಲ್ಲಿ ಹಿಂದಕ್ಕೆ ಚೂಪಾಗಿ ಚಾಚಿಕೊಂಡಿರುವ ಕೀಲನ್ನು ತೋರಿಸಿ, ಅದರ ಮೇಲೆ ಕತ್ತಿ ಹಾಕದೆ ಇಡಿಯಾಗಿ ಕೊಡಿ ಎಂದು ಮೊದಲೇ ಹೇಳಿ. ಹೆಚ್ಚಿನವರು ಎಡವುವುದು ಇಲ್ಲೇ: ಕತ್ತಿ ಬಿದ್ದರೆ ಮೂಳೆ ಎರಡು ಹೋಳು. ಎಳೆ ಮರಿಯದೂ ಬೇಡ, ಅದರ ಮೂಳೆಯ ಮೈ ತೂತುತೂತಾಗಿರುತ್ತದೆ. ಹೊಲದಲ್ಲಿ ಸತ್ತು ಬಿದ್ದ ದನ, ಕುರಿಯ ಮೂಳೆಯನ್ನು ಮುಟ್ಟಲೇಬೇಡಿ. ನೆರಡಿ ರೋಗದ (ಆಂಥ್ರಾಕ್ಸ್) ಬೀಜಾಣು ವರ್ಷಗಟ್ಟಲೆ ಜೀವ ಹಿಡಿದುಕೊಂಡಿರುತ್ತದೆ.

ಕಾಲು ಸೂಪಿನಲ್ಲಿ ಉಳಿದ ಮೂಳೆ ಆಗದೇ ಎಂದು ಕೇಳುವವರಿದ್ದಾರೆ. ಆಗದು. ಮೂಳೆ ಪುಡಿಯಾಗದಂತೆ ಹಿಡಿದಿಡುವ ಕೊಲಾಜೆನ್ ಎಂಬ ಪ್ರೋಟೀನ್ ಗಂಟೆಗಟ್ಟಲೆ ಕುದಿದರೆ ಜೆಲಟಿನ್ ಆಗಿ ಸಾರಿಗೆ ಇಳಿದುಬಿಡುತ್ತದೆ. ಉಳಿಯುವುದು ಸೀಮೆಸುಣ್ಣದಂಥ ಪದಾರ್ಥ. ನಾಲ್ಕು ಸಲ ನೆಲಕ್ಕೆ ಉರುಳಿಸಿದರೆ ಅಂಚು ಉದುರುತ್ತದೆ. ಬಿಸಿಗೆ ಕೊಬ್ಬು ಮೂಳೆಯ ಒಳಕ್ಕೂ ಇಳಿದು, ತಿಂಗಳ ಮೇಲೆ ಹಳದಿ ಕಲೆಯಾಗಿ, ಕಮಟು ವಾಸನೆಯಾಗಿ ಹೊರಬರುತ್ತದೆ.

ಶುಚಿ ಮಾಡುವ ಬಗೆ

ಕೈಗವಸು ಹಾಕಿಕೊಂಡು, ಚೂಪಾದ ಚಾಕುವಿನಿಂದ ಕೀಲಿನ ಸುತ್ತಲಿನ ನಾರು ಕತ್ತರಿಸಿ. ಸುಮಾರು 3 ಸೆಂಟಿಮೀಟರ್ ಉದ್ದದ, ನಡು ಸಣ್ಣಗಾದ ಮೂಳೆ ಹೊರಬರುತ್ತದೆ. ಮಾಂಸ ಪೂರ್ತಿ ಬಿಡಿಸಲು ಕೆರೆಯಬೇಡಿ, ಗೀರು ಬಿದ್ದರೆ ಹೋಗುವುದಿಲ್ಲ. ಉಳಿದದ್ದನ್ನು ನೀರು ಮಾಡುತ್ತದೆ.

ಮುಚ್ಚಳವಿರುವ ಪ್ಲಾಸ್ಟಿಕ್ ಡಬ್ಬಿಯಲ್ಲಿ ಮೂಳೆ ಹಾಕಿ, ಮೇಲೆ ಮೂರು ಬೆರಳು ನಿಲ್ಲುವಷ್ಟು ತಣ್ಣೀರು ತುಂಬಿ, ಮನೆಯ ಹೊರಗಿಡಿ. ನೀರಿನಲ್ಲಿ ಹುಟ್ಟುವ ಬ್ಯಾಕ್ಟೀರಿಯಾ ಮಾಂಸವನ್ನು ತಿಂದು ಬಿಡಿಸುತ್ತವೆ. ನಾಲ್ಕೈದು ದಿನಕ್ಕೊಮ್ಮೆ ಅರ್ಧ ನೀರನ್ನು ಮಾತ್ರ ಬದಲಿಸಿ. ಪೂರ್ತಿ ಚೆಲ್ಲಿದರೆ ಬ್ಯಾಕ್ಟೀರಿಯಾ ಹೋಗಿ ಕೆಲಸ ಮತ್ತೆ ಮೊದಲಿನಿಂದ. 30ರಿಂದ 35 ಡಿಗ್ರಿ ಸೆಲ್ಸಿಯಸ್ ಇದ್ದರೆ ಎರಡರಿಂದ ನಾಲ್ಕು ವಾರ ಸಾಕು. ಲಂಡನ್ನಿನ ಚಳಿಗಾಲದಲ್ಲಿ ಇದು ನಿಂತೇ ಹೋಗುತ್ತದೆ, ಅಲ್ಲಿಯವರು ಮೀನಿನ ತೊಟ್ಟಿಯ ಹೀಟರ್ ಇಡುತ್ತಾರೆ. ನಮ್ಮೂರಲ್ಲಿ ಚಿಂತೆ ಬೇರೆ: ಮುಚ್ಚಳ ಭದ್ರವಿಲ್ಲದಿದ್ದರೆ ಸೊಳ್ಳೆ ಮೊಟ್ಟೆಯಿಡುತ್ತದೆ. ವಾಸನೆ ಘೋರವಾಗಿಯೇ ಇರುತ್ತದೆ, ಅದು ಕೆಲಸ ಸರಿಯಾಗಿ ನಡೆಯುತ್ತಿರುವ ಲಕ್ಷಣ. ನೀರನ್ನು ಅಡುಗೆಮನೆಯ ಸಿಂಕಿಗೆ ಚೆಲ್ಲಬೇಡಿ.

ಮುಂದಿನದು ಕೊಬ್ಬು ತೆಗೆಯುವುದು. ಅವಸರ ಮಾಡುವವರು ಇದನ್ನು ಬಿಟ್ಟುಬಿಡುತ್ತಾರೆ, ಆಮೇಲೆ ಪಶ್ಚಾತ್ತಾಪ ಪಡುತ್ತಾರೆ. ಒಂದು ಲೀಟರ್ ಉಗುರುಬೆಚ್ಚಗಿನ ನೀರಿಗೆ ಪಾತ್ರೆ ತೊಳೆಯುವ ಲಿಕ್ವಿಡ್ ಒಂದು ದೊಡ್ಡ ಚಮಚ ಬೆರೆಸಿ ಮೂಳೆ ನೆನೆಹಾಕಿ. ನೀರು ಕದಡಿದಾಗಲೆಲ್ಲ ಬದಲಿಸಿ. ಎರಡು ವಾರ ಕಳೆದ ಮೇಲೆ ತಿಳಿಯಾಗಿಯೇ ಉಳಿದರೆ ತೆಗೆದು ಒಂದು ವಾರ ಒಣಗಿಸಿ ನೋಡಿ. ಮೇಣ ಮೆತ್ತಿದಂಥ ಹಳದಿ ಮಚ್ಚೆ ಕಂಡರೆ ಮತ್ತೆ ನೆನೆಹಾಕಿ.

ಬೆಳ್ಳಗೆ ಮಾಡಲೇಬೇಕೆಂದಿಲ್ಲ. ಬೇಕಿದ್ದರೆ ಮೆಡಿಕಲ್ ಶಾಪಿನ ಹೈಡ್ರೋಜನ್ ಪೆರಾಕ್ಸೈಡ್ ಸಾಕು. ಬಾಟಲಿಯ ಮೇಲೆ ಶೇ 6 ಎಂದಿದ್ದರೆ ಅಷ್ಟೇ ನೀರು ಬೆರೆಸಿದಾಗ ಶೇ 3 ಆಗುತ್ತದೆ. ಗಾಜಿನ ಪಾತ್ರೆಯಲ್ಲಿ ಒಂದೆರಡು ದಿನ ಮುಳುಗಿಸಿಡಿ. ಮುಚ್ಚಳ ಬಿಗಿಯಬೇಡಿ, ಆಮ್ಲಜನಕ ಹೊಮ್ಮಿ ಪಾತ್ರೆ ಸಿಡಿಯಬಹುದು. ಬಟ್ಟೆಗೆ ಹಾಕುವ ಕ್ಲೋರಿನ್ ಬ್ಲೀಚ್ ಮಾತ್ರ ಬೇಡವೇ ಬೇಡ. ಅದು ಕೊಲಾಜೆನ್ನನ್ನೇ ಕರಗಿಸುತ್ತದೆ. ಅಂದು ಹೊಳೆದ ಮೂಳೆ ಮುಂದೆ ಪುಡಿಯಾಗುತ್ತದೆ. ಕೊನೆಗೆ ನೆರಳಲ್ಲಿ ಒಣಗಿಸಿ, ಬಿಸಿಲಿಗಿಟ್ಟರೆ ಸೀಳುತ್ತದೆ.

ಓದುವುದು

ಈ ಮೂಳೆ ನಿಲ್ಲುವುದು ನಾಲ್ಕು ಮಗ್ಗುಲಲ್ಲಿ. ಅಗಲದ ಎರಡಕ್ಕೆ 3 ಮತ್ತು 4, ಕಿರಿದಾದ ಎರಡಕ್ಕೆ 1 ಮತ್ತು 6. ಎದುರುಬದುರಿನವು ಕೂಡಿದರೆ 7. ಎರಡು, ಐದು ಇಲ್ಲವೇ ಇಲ್ಲ. ಅಗಲದ ಮಗ್ಗುಲೇ ಹೆಚ್ಚು ಬೀಳುತ್ತದೆ, ಆದ್ದರಿಂದ 1 ಮತ್ತು 6ಕ್ಕೆ ತೂಕ ಜಾಸ್ತಿ. ಯಾವ ಮಗ್ಗುಲಿಗೆ ಯಾವ ಅಂಕಿ ಎಂದು ಮೊದಲ ದಿನವೇ ಪೆನ್ಸಿಲ್ಲಿನಲ್ಲಿ ಗುರುತಿಸಿ, ಮತ್ತೆ ಬದಲಿಸಬೇಡಿ. ಐದನ್ನೂ ಅಂಗೈಯಲ್ಲಿ ಹಿಡಿದು, ಪ್ರಾಣಿಗೆ ಕೃತಜ್ಞತೆ ಹೇಳಿ, ಬಟ್ಟೆ ಹಾಸಿದ ಹಲಗೆಯ ಮೇಲೆ ಉರುಳಿಸಿ. ಬರಿ ಕಲ್ಲಿನ ನೆಲ ಮೂಳೆಗೆ ಒಳ್ಳೆಯದಲ್ಲ. ಎಣ್ಣೆ ಸವರಬೇಡಿ, ಅದು ಕಮಟುತ್ತದೆ.

ಕಾನೂನು

ಕಾಡುಪ್ರಾಣಿಯ ಮೂಳೆ ಬಿದ್ದು ಸಿಕ್ಕಿದ್ದಾದರೂ ಕರ್ನಾಟಕದಲ್ಲಿ ಎತ್ತಿಕೊಳ್ಳುವ ಹಾಗಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಕಾಡಿನಲ್ಲಿ ಉದುರಿದ ಜಿಂಕೆಯ ಕೊಂಬಿಗೂ ಅನ್ವಯಿಸುತ್ತದೆ. ಹುಲಿಯುಗುರಿನ ಪದಕ ಧರಿಸಿದವರು ಜೈಲು ಕಂಡದ್ದು 2023ರ ಅಕ್ಟೋಬರಿನಲ್ಲಿ. ಅಮೆರಿಕದಲ್ಲಿರುವ ಕನ್ನಡಿಗರು ನೆನಪಿಡಬೇಕಾದದ್ದು 1918ರ ವಲಸೆ ಹಕ್ಕಿ ಕಾಯ್ದೆ: ಹಿತ್ತಲಲ್ಲಿ ಸತ್ತುಬಿದ್ದ ರಾಬಿನ್ ಹಕ್ಕಿಯ ಒಂದು ಗರಿ, ಒಂದು ಮೂಳೆ ಇಟ್ಟುಕೊಂಡರೂ ಅಪರಾಧ.

ಆನ್‌ಲೈನಿನಲ್ಲಿ ಕೊಳ್ಳುವುದಾದರೆ ಯಾವ ಪ್ರಾಣಿ, ಯಾವ ಊರಿನದು, ಹೇಗೆ ಸತ್ತಿತು ಎಂದು ಮೂರು ಪ್ರಶ್ನೆ ಕೇಳಿ. 'ನೈತಿಕವಾಗಿ ಸಂಗ್ರಹಿಸಿದ್ದು' ಎಂದಷ್ಟೇ ಬರೆದು ಉಳಿದದ್ದಕ್ಕೆ ಬಾಯಿಬಿಡದವರ ಬಳಿ ಕೊಳ್ಳಬೇಡಿ. ಮಾರಾಟಕ್ಕಿಟ್ಟ ಮನುಷ್ಯರ ಮೂಳೆಯ ಹತ್ತಿರವೂ ಹೋಗಬೇಡಿ. ಬದುಕಿದ್ದಾಗ ಅವರ ಒಪ್ಪಿಗೆ ಕೇಳಿದವರು ಸಾಮಾನ್ಯವಾಗಿ ಯಾರೂ ಇರುವುದಿಲ್ಲ.

ಉಳಿದ ಆರನೆಯ ಮೂಳೆಯನ್ನು ಐದನ್ನೂ ಇಡುವ ಚೀಲದಲ್ಲೇ, ತಂದ ದಿನ ಮತ್ತು ಅಂಗಡಿ ಬರೆದ ಚೀಟಿಯ ಜೊತೆ ಇಡಿ. ಐದರಲ್ಲಿ ಒಂದು ಸೀಳಿದ ದಿನ ಅದರ ಜಾಗಕ್ಕೆ ಇದು ಬರುತ್ತದೆ. ಸೀಳಿದ್ದನ್ನು ನಾಯಿ ಕೆದಕದಂತೆ ಎರಡು ಅಡಿ ಆಳದಲ್ಲಿ ಮಣ್ಣು ಮಾಡಿ.